ಶಾಲೆಯ ಜಗಲಿಗೆ ಡಾಕ್ಟರು ಬಂದ ದಾರಿ

ಮಂಗಳೂರಿನ ಶಾಲೆಗಳ ಚರಿತ್ರೆ ಹೇಳಹೊರಟವರು ಕೊಡಿಯಾಲ್‌ಬೈಲನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1880ರಲ್ಲಿ ಶುರುವಾಗಿ ಆಮೇಲೆ ಲೈಟ್‌ಹೌಸ್ ಗುಡ್ಡೆ ಹತ್ತಿದ ಸಂತ ಅಲೋಶಿಯಸ್, 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ ಕೆನರಾ ಹೈಸ್ಕೂಲು, 1918ರಲ್ಲಿ ಹೆಣ್ಣುಮಕ್ಕಳಿಗಾಗಿ ಬಾಗಿಲು ತೆರೆದ ಬೆಸೆಂಟ್ ಶಾಲೆ, ಎಲ್ಲವೂ ಇಲ್ಲಿ ಅಥವಾ ಇಲ್ಲಿಂದ ಕೂಗಳತೆಯಲ್ಲಿ ಇವೆ. ಇವುಗಳಲ್ಲಿ ಕಲಿತು ಹೆಸರು ಮಾಡಿದವರ ವಿಚಾರ ಸ್ಮರಣ ಸಂಚಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಆದರೆ ಬೆಂಚಿನ ಮೇಲೆ ಕೂತ ಮಗುವಿಗೆ ಕರಿಹಲಗೆ ಕಾಣುತ್ತಿತ್ತೇ, ಕಿವಿ ಸೋರುತ್ತಿತ್ತೇ, ಬೆಳಿಗ್ಗೆ ಹೊಟ್ಟೆಗೆ ಒಂದು ಲೋಟ ಗಂಜಿಯಾದರೂ ಬಿದ್ದಿತ್ತೇ ಎಂದು ವಿಚಾರಿಸುವ ಕೆಲಸ ಶಾಲೆಯದ್ದು ಎಂದು ಯಾರಿಗೆ, ಯಾವಾಗ ಅನ್ನಿಸಿತು? ಆ ಕಥೆಯನ್ನು ನಾವು ಸರಿಯಾಗಿ ಹೇಳಿಕೊಂಡಿಲ್ಲ.

ನನ್ನ ಮಟ್ಟಿಗೆ ಅದು ಶುರುವಾಗುವುದು ಕುದ್ಮುಲ್ ರಂಗರಾಯರಿಂದ. ವಕೀಲರಾಗಿದ್ದ ರಂಗರಾಯರು 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆಂದು ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಹುಟ್ಟಿತು. ಕೊಡಿಯಾಲ್‌ಬೈಲಿಗೆ ತಾಗಿಕೊಂಡ ಶೇಡಿಗುಡ್ಡೆ ಅದರ ನೆಲೆಯಾಯಿತು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರೂ ಅವರು ಹಿಂದೆಗೆಯಲಿಲ್ಲ. ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬಂದುಬಿಡುವುದಿಲ್ಲವೆಂಬುದು ಅವರಿಗೆ ಬೇಗ ಅರ್ಥವಾಗಿತ್ತು. ದನ ಮೇಯಿಸಿಯೋ ಸೌದೆ ಹೆಕ್ಕಿಯೋ ಮನೆಗೆ ಆಸರೆಯಾಗುವ ಮಗು ಶಾಲೆಯಲ್ಲಿ ಕೂತರೆ ಆ ದಿನದ ಮಟ್ಟಿಗೆ ಮನೆಗೆ ನಷ್ಟವೇ. ಅದಕ್ಕಾಗಿ ಅವರು ಮಕ್ಕಳಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು, ಮಧ್ಯಾಹ್ನದ ಊಟ ಹಾಕಿಸಿದರು. ಸ್ಟೆತಸ್ಕೋಪು ಆ ಶಾಲೆಯ ಹತ್ತಿರವೂ ಸುಳಿಯದ ಕಾಲವದು. ಆದರೂ ಶಾಲಾ ಆರೋಗ್ಯ ಸೇವೆಯೆಂದು ನಾವಿಂದು ಕರೆಯುವುದರ ಬೇರು ಆ ಊಟದ ಸಾಲಿನಲ್ಲೇ ಇದೆಯೆಂದು ನಾನು ನಂಬಿದ್ದೇನೆ.

ಇಂಗ್ಲೆಂಡಿನಲ್ಲೂ ಊಟವೇ ಮುಂದೆ ಬಂದದ್ದು, ಡಾಕ್ಟರು ಬಂದದ್ದು ಅದರ ಹಿಂದೆ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧಕ್ಕೆ ಸೈನಿಕರನ್ನು ಆರಿಸುವಾಗ, ಮ್ಯಾಂಚೆಸ್ಟರಿನಂತಹ ಗಿರಣಿ ಊರುಗಳ ತರುಣರಲ್ಲಿ ಬಹಳಷ್ಟು ಮಂದಿ ದೇಹದಾರ್ಢ್ಯವಿಲ್ಲದೆ ತಿರಸ್ಕೃತರಾದರು. ಗಾಬರಿಗೊಂಡ ಸರಕಾರ ಸಮಿತಿ ನೇಮಿಸಿತು. 1904ರಲ್ಲಿ ವರದಿ ಬಂತು. 1906ರಲ್ಲಿ ಶಾಲಾಮಕ್ಕಳ ಊಟದ ಕಾನೂನಾಯಿತು, ವೈದ್ಯಕೀಯ ತಪಾಸಣೆಯ ಕಾನೂನು ಅದರ ಮರುವರ್ಷ, 1907ರಲ್ಲಿ. ಹೀಗೆ ಪ್ರಭುತ್ವ ಎಚ್ಚೆತ್ತದ್ದು ಸೈನ್ಯದ ಚಿಂತೆಯಿಂದ. ಆದರೆ ಬ್ರಾಡ್‌ಫರ್ಡ್ ಎಂಬ ಉಣ್ಣೆ ಗಿರಣಿಗಳ ಊರು ಅದಕ್ಕೂ ಮೊದಲೇ, 1893ರಲ್ಲಿ, ಶಾಲೆಗಳಿಗೆಂದು ಜೇಮ್ಸ್ ಕೆರ್ ಎಂಬ ವೈದ್ಯರನ್ನು ನೇಮಿಸಿತ್ತು. ಅಲ್ಲಿಯ ಶಾಲಾ ಮಂಡಳಿಯಲ್ಲಿದ್ದ ಮಾರ್ಗರೆಟ್ ಮೆಕ್‌ಮಿಲನ್ ಕೊಳಕು, ಹಸಿವು, ಹುಳುಕು ಹಲ್ಲುಗಳ ಮಧ್ಯೆ ಪಾಠ ಹೇಳಿ ಪ್ರಯೋಜನವಿಲ್ಲವೆಂದು ವಾದಿಸುತ್ತಲೇ ಬಂದರು.

1907ರ ಕಾನೂನಿನಲ್ಲಿ ಒಂದು ದೊಡ್ಡ ಕೊರತೆಯಿತ್ತು. ತಪಾಸಣೆ ಕಡ್ಡಾಯ, ಚಿಕಿತ್ಸೆ ಕಡ್ಡಾಯವಲ್ಲ. ನಿಮ್ಮ ಮಗನಿಗೆ ಕಣ್ಣು ಮಂಜು ಎಂದು ಚೀಟಿ ಬರೆದುಕೊಟ್ಟರೆ ಕನ್ನಡಕಕ್ಕೆ ದುಡ್ಡು ಎಲ್ಲಿಂದ ತರಬೇಕು? ಪ್ರಾಥಮಿಕ ಶಾಲಾಮಕ್ಕಳಿಗೆ ಚಿಕಿತ್ಸೆಯ ಏರ್ಪಾಡು ಮಾಡುವುದೂ ಸ್ಥಳೀಯ ಶಿಕ್ಷಣ ಮಂಡಳಿಗಳ ಹೊಣೆಯಾಗಲು 1918ರವರೆಗೆ ಕಾಯಬೇಕಾಯಿತು. ಅದು ಎಲ್ಲ ಮಕ್ಕಳಿಗೂ ಉಚಿತವಾಗಬೇಕೆಂಬ ತೀರ್ಮಾನ 1944ರ ಶಿಕ್ಷಣ ಕಾಯಿದೆಯಲ್ಲಿ ಬಂತು. ಶತಮಾನದ ನಡುವಿನ ಹೊತ್ತಿಗೆ ಅಲ್ಲಿಯ ಪುರಸಭೆಗಳಲ್ಲಿ ಶಾಲಾಮಕ್ಕಳದೇ ಚಿಕಿತ್ಸಾಲಯ, ದಂತವೈದ್ಯರು, ತಲೆ ಬಗ್ಗಿಸಿ ಹೇನು ಹುಡುಕುವ ನರ್ಸಮ್ಮ, ಪ್ರತಿ ಮಗುವಿಗೂ ದಿನಕ್ಕೆ ಸುಮಾರು 190 ಮಿಲಿಲೀಟರ್ ಹಾಲು, ಎಲ್ಲವೂ ಬಂದಿದ್ದವು.

ಆ ಹಾಲಿಗೂ ನಮಗೂ ಒಂದು ನಂಟಿದೆ. ಮಂಗಳೂರು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅದೇ ಪ್ರಾಂತ್ಯದ ಕೂನೂರಿನ ಆಹಾರ ಸಂಶೋಧನಾಲಯದಲ್ಲಿ 1930ರ ದಶಕದಲ್ಲಿ ಐಕ್ರಾಯ್ಡ್ ಮತ್ತು ಕೃಷ್ಣನ್ ಅನ್ನವೇ ಮುಖ್ಯ ಆಹಾರವಾಗಿದ್ದ ಮಕ್ಕಳಿಗೆ ಕೆನೆ ತೆಗೆದ ಹಾಲಿನ ಪುಡಿಯನ್ನು ಕದಡಿ ಕೊಟ್ಟು ನೋಡಿದರು. ಮಕ್ಕಳ ಎತ್ತರವೂ ತೂಕವೂ ಹೆಚ್ಚಿದವು. 1960-70ರ ದಶಕದಲ್ಲಿ ನಮ್ಮ ಶಾಲೆಗಳಲ್ಲಿ ಓದಿದವರಿಗೆ ಕೇರ್ ಸಂಸ್ಥೆಯ ಹಾಲಿನ ಪುಡಿ, ಉಪ್ಪಿಟ್ಟು ನೆನಪಿರಬಹುದು. 2013ರ ಆಗಸ್ಟಿನಲ್ಲಿ ಕರ್ನಾಟಕದ ಶಾಲೆಗಳಿಗೆ ಬಂದ ಕ್ಷೀರಭಾಗ್ಯವೂ ಇದೇ ದಾರಿಯದ್ದು. 18 ಗ್ರಾಂ ಪುಡಿಯಿಂದ 150 ಮಿಲಿಲೀಟರ್ ಬಿಸಿ ಹಾಲು.

ಭಾರತದಲ್ಲಿ ಶಾಲಾಮಕ್ಕಳ ವೈದ್ಯಕೀಯ ತಪಾಸಣೆ ಮೊದಲು ನಡೆದದ್ದು 1909ರಲ್ಲಿ, ಬರೋಡ ಸಂಸ್ಥಾನದಲ್ಲಿ. ಅಲ್ಲಿಂದ ಮುಂದಕ್ಕೆ ಹೇಳಿಕೊಳ್ಳುವಂಥ ಪ್ರಗತಿಯಾಗಲಿಲ್ಲ. 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ, ದೇಶದಲ್ಲಿ ಶಾಲಾ ಆರೋಗ್ಯ ಸೇವೆ ಇಲ್ಲವೆಂದೇ ಹೇಳಬೇಕು ಎಂಬರ್ಥದಲ್ಲಿ ಬರೆಯಿತು. 1960ರಲ್ಲಿ ರೇಣುಕಾ ರೇ ಅವರ ಅಧ್ಯಕ್ಷತೆಯಲ್ಲಿ ಶಾಲಾ ಆರೋಗ್ಯಕ್ಕೆಂದೇ ಸಮಿತಿ ರಚನೆಯಾಯಿತು, ಮರುವರ್ಷ ಅದರ ಶಿಫಾರಸುಗಳೂ ಬಂದವು. ಈ ನಡುವೆ 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಕಾಮರಾಜರು ಮದ್ರಾಸಿನ ಶಾಲೆಗಳಿಗೆ ಮಧ್ಯಾಹ್ನದ ಊಟ ತರಲು ಓಡಾಡುತ್ತಿದ್ದ ದಿನಗಳವು. ಭಾಷೆಯ ರಾಜ್ಯಕ್ಕೆ ಸೇರಿದ್ದು ನಮ್ಮ ಭಾಗ್ಯವೇ. ಆದರೂ ಆ ಊಟದ ಪಂಕ್ತಿ ನಮ್ಮ ಮಕ್ಕಳಿಗೆ ತಪ್ಪಿತಲ್ಲ ಎಂದು ನನಗೆ ನೋವಾಗುತ್ತದೆ. ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿದ್ದು 2001ರ ನವೆಂಬರಿನಲ್ಲಿ. ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾಗಿ ಆಮೇಲೆ ಕರಾವಳಿಗೆ ಬಂತು.

ಈಗ ಶಾಲೆಗೆ ಬರುವುದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ. ಟೀಚರುಗಳ ಬಾಯಲ್ಲಿ ಅದು ಆರ್‌ಬಿಎಸ್‌ಕೆ. 2013ರಲ್ಲಿ ಶುರುವಾದ ಇದರ ತಂಡವೊಂದರಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸು, ಒಬ್ಬ ಫಾರ್ಮಸಿಸ್ಟ್ ಇರಬೇಕೆಂಬುದು ನಿಯಮ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಭೇಟಿ. ಹುಟ್ಟಿನಿಂದ ಬಂದ ದೋಷ, ಪೌಷ್ಟಿಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯ ಹಿನ್ನಡೆ ಎಂಬ ನಾಲ್ಕು ಬಗೆಗಳಲ್ಲಿ ಸುಮಾರು 30 ತೊಂದರೆಗಳನ್ನು ಹುಡುಕಬೇಕು.

ಆ ದಿನದ ಜಗಲಿಯನ್ನು ಹತ್ತಿರದಿಂದ ನೋಡಬೇಕು. ಒಂದು ಮೂಲೆಯಲ್ಲಿ ತೂಕದ ಯಂತ್ರ, ಗೋಡೆಗೆ ಎತ್ತರದ ಅಳತೆಪಟ್ಟಿ. ಇನ್ನೊಂದು ಗೋಡೆಯಲ್ಲಿ ಕಣ್ಣಿನ ಅಕ್ಷರದ ಹಾಳೆ, ಅಲ್ಲಿಂದ ಆರು ಮೀಟರ್ ದೂರಕ್ಕೆ ಸೀಮೆಸುಣ್ಣದ ಗೆರೆ. ಮಕ್ಕಳು ಒಂದು ಕಣ್ಣಿಗೆ ಅಂಗೈ ಮುಚ್ಚಿ ಓದುತ್ತಾರೆ. ಸಾಲಿನಲ್ಲಿ ಹಿಂದೆ ನಿಂತವರು ಆ ಹಾಳೆಯನ್ನು ಅಷ್ಟರಲ್ಲಿ ಬಾಯಿಪಾಠ ಮಾಡಿರುತ್ತಾರೆ, ಅನುಭವವಿದ್ದ ನರ್ಸು ಕೆಳಗಿನ ಸಾಲನ್ನು ಹಿಂದುಮುಂದಾಗಿ ತೋರಿಸಿ ಕೇಳುತ್ತಾರೆ. ಡಾಕ್ಟರು ಕೆಳರೆಪ್ಪೆ ಎಳೆದು ನೋಡುವುದು ರಕ್ತಹೀನತೆಗೆ. ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಪಕ್ಕದ ಕೋಣೆಯ ಮಗ್ಗಿ ಒಂದು ನಿಮಿಷ ನಿಲ್ಲಬೇಕು. ಹೃದಯದಲ್ಲಿ ಹುಟ್ಟಿನಿಂದ ರಂಧ್ರವಿದ್ದರೆ ಅದರ ಸದ್ದು ಆ ಒಂದು ನಿಮಿಷದ ಮೌನದಲ್ಲೇ ಸಿಗಬೇಕು.

ಕರಾವಳಿಯ ಮಕ್ಕಳಿಗೆ ಕೊಕ್ಕೆಹುಳದ ಕಾಟ ಹಳೆಯದು. ಒದ್ದೆ ಮಣ್ಣಿನಲ್ಲಿ ಬದುಕುವ ಇದರ ಮರಿ ಬರಿಗಾಲಿನ ಚರ್ಮದ ಮೂಲಕ ದೇಹ ಸೇರಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಆಲಸಿಯೆಂದು ಬೈಸಿಕೊಳ್ಳುವ ಎಷ್ಟೋ ಹುಡುಗರು ನಿಜವಾಗಿ ರಕ್ತ ಸಾಲದವರು. 2015ರಿಂದ ರಾಷ್ಟ್ರೀಯ ಜಂತುಹುಳ ನಿವಾರಣಾ ದಿನದಂದು ಶಾಲೆಯಲ್ಲೇ 400 ಮಿಲಿಗ್ರಾಂ ಆಲ್ಬೆಂಡಜೋಲ್ ಜಗಿಸುತ್ತಾರೆ. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಬೇರೆ. ಅದನ್ನು ಬರಿಹೊಟ್ಟೆಗೆ ಕೊಟ್ಟರೆ ವಾಕರಿಕೆ ಬರುತ್ತದೆ, ಹಾಗಾಗಿ ಬಿಸಿಯೂಟ ಆದ ಮೇಲೆಯೇ ಕೊಡುವುದು. ಊಟವಿಲ್ಲದ ಶಾಲೆಯಲ್ಲಿ ಮಾತ್ರೆಯೂ ನಡೆಯದು. ರಂಗರಾಯರ ಲೆಕ್ಕಾಚಾರ ಇಲ್ಲಿಗೂ ಸಲ್ಲುತ್ತದೆ.

ಅವರ ಎರಡು ಪೈಸೆಯ ಲೆಕ್ಕವೂ ಇನ್ನೂ ಚುಕ್ತಾ ಆಗಿಲ್ಲ. ಬಾಗಲಕೋಟೆ, ಕೊಪ್ಪಳ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ಮಂಗಳೂರಿನ ಸರಕಾರಿ ಶಾಲೆಗಳ ಬೆಂಚು ತುಂಬಿದ್ದಾರೆ. ಜಿಲ್ಲಾಸ್ಪತ್ರೆಗೆ ಹೋಗಿರೆಂದು ತಂಡ ಚೀಟಿ ಕೊಡುತ್ತದೆ. ಕೊಡಿಯಾಲ್‌ಬೈಲಿನಿಂದ ವೆನ್‌ಲಾಕ್ ಆಸ್ಪತ್ರೆಗೆ ನಡೆದೇ ಹೋಗಬಹುದು. ಆದರೆ ಮಗುವನ್ನು ಕರೆದುಕೊಂಡು ಹೋಗಬೇಕಾದ ತಾಯಿ ಆ ದಿನದ ಕೂಲಿ ಬಿಡಬೇಕು. ಮೊದಲ ದಿನ ತೋರಿಸಬೇಕು, ಮರುದಿನ ಪರೀಕ್ಷೆ, ಇನ್ನೊಂದು ದಿನ ರಿಪೋರ್ಟು. ಅಷ್ಟರಲ್ಲಿ ಕಟ್ಟಡ ಮುಗಿದು ಕುಟುಂಬ ಬೇರೆ ಊರು ಸೇರಿರುತ್ತದೆ, ಚೀಟಿ ಪಾಟಿಚೀಲದಲ್ಲೇ ಹರಿದಿರುತ್ತದೆ. ಇಂಗ್ಲೆಂಡು 1907ರಲ್ಲಿ ಬಿಟ್ಟಿದ್ದ ಕಂದಕವನ್ನು ನಾವು ಉಚಿತ ಚಿಕಿತ್ಸೆಯ ಭರವಸೆಯಿಂದ ಅರ್ಧ ಮುಚ್ಚಿದ್ದೇವೆ. ಉಳಿದರ್ಧ ಮುಚ್ಚಲು ಆ ತಾಯಿಯ ಕೂಲಿಯನ್ನೂ ಸರಕಾರ ಚಿಕಿತ್ಸೆಯ ಖರ್ಚಿನಲ್ಲೇ ಸೇರಿಸಬೇಕು.

ಇನ್ನೊಂದು ಮಾತು ಪೋಷಕರಿಗೆ. ಈ ಕಾರ್ಯಕ್ರಮ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಮಾತ್ರ. ಅನುದಾನರಹಿತ ಶಾಲೆಗಳ ಮಕ್ಕಳು ಇದರ ಹೊರಗಿದ್ದಾರೆ. ಫೀಸು ಕಟ್ಟಿದ್ದೇವೆ, ಶಾಲೆಯವರು ನೋಡಿಕೊಳ್ಳುತ್ತಾರೆ ಎಂದುಕೊಂಡು ಸುಮ್ಮನಿರಬಾರದು. ಈ ಜೂನಿನಲ್ಲಿ ಶಾಲೆ ತೆರೆದಾಗ, ಮಕ್ಕಳ ಕಣ್ಣು, ಕಿವಿ, ಹಲ್ಲು ಯಾವಾಗ ಯಾರು ನೋಡುತ್ತಾರೆಂದು ಹೆಡ್‌ಮಾಸ್ತರರನ್ನು ಕೇಳಿ, ಉತ್ತರವನ್ನು ಡೈರಿಯಲ್ಲಿ ಬರೆಸಿಕೊಳ್ಳಿ.