ಘಾಟಿ ಹತ್ತುವ ಹಳೆಯ ಲಾರಿಗೆ ನೀರೊಂದೇ ಸಾಕೆ?

ಪ್ರಶ್ನೆ: ನಮ್ಮ ಹಳೆಯ ಡೀಸೆಲ್ ಲಾರಿ ಟ್ರೇಲರ್ ಎಳೆದುಕೊಂಡು ಶಿರಾಡಿ ಘಾಟಿ ಹತ್ತುವಾಗ ಬಿಸಿಯೇರುತ್ತದೆ. ಬೋರ್‌ವೆಲ್ ನೀರು ತುಂಬಿಸಿದರೆ ಸಾಲದೆ? ಕೂಲೆಂಟ್ ಬೇಕೇ ಬೇಕೆ?

ಉತ್ತರ: ಬೇಕು. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಬಚ್ಚಲ ಹಂಡೆಯಲ್ಲಿ ಕಟ್ಟುವ ಬಿಳಿ ಪದರದಂತೆ ಅದರ ಸುಣ್ಣ ರೇಡಿಯೇಟರ್ ಕೊಳವೆಗಳಲ್ಲೂ ಕಟ್ಟಿಕೊಂಡು ಶಾಖವನ್ನು ಹೊರಗೆ ಬಿಡುವುದಿಲ್ಲ. ಏರಿನಲ್ಲಿ ಇಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಎದುರುಗಾಳಿ ಮಾತ್ರ ಇರುವುದಿಲ್ಲ. ಆಗ ಫ್ಯಾನೇ ಗತಿ. ಬೆಲ್ಟ್ ಸಡಿಲವಾಗಿದೆಯೇ, ರೇಡಿಯೇಟರ್ ಸಂದಿಯಲ್ಲಿ ಹುಲ್ಲು, ಹುಳ ಸಿಕ್ಕಿವೆಯೇ ಎಂದು ಮೊದಲು ನೋಡಿ.

ಕೂಲೆಂಟಿಗೆ ಇನ್ನೊಂದು ಕೆಲಸವಿದೆ. ಪ್ರತಿ ಸ್ಫೋಟಕ್ಕೂ ಸಿಲಿಂಡರಿನ ಲೈನರ್ ಸಣ್ಣಗೆ ಅದುರುತ್ತದೆ. ಅದಕ್ಕೆ ತಾಗಿದ ನೀರಿನಲ್ಲಿ ಆವಿಯ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಒಡೆದಲ್ಲೆಲ್ಲ ಲೋಹ ಚೂರುಚೂರೇ ಕಿತ್ತುಹೋಗುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಲೈನರ್ ತೂತಾಗಿ ನೀರು ಆಯಿಲಿಗೆ ಇಳಿಯುತ್ತದೆ. ಹೆವಿ ಡೀಸೆಲ್ ಇಂಜಿನ್ನಿಗೆಂದೇ ಬರುವ ಕೂಲೆಂಟಿನ ನೈಟ್ರೈಟ್‌ನಂಥ ರಾಸಾಯನಿಕಗಳು ಲೋಹಕ್ಕೆ ತೆಳು ಕವಚ ಕಟ್ಟಿ ಇದನ್ನು ತಡೆಯುತ್ತವೆ. ಡಬ್ಬಿಯ ಬಣ್ಣ ನೋಡಿ ಕೊಳ್ಳಬೇಡಿ, ಮೇಲಿನ ಬರಹ ಓದಿ.

ಇನ್ನು ರೇಡಿಯೇಟರ್ ಮುಚ್ಚಳ, ಎಲ್ಲರೂ ಅಸಡ್ಡೆ ಮಾಡುವ ಸಾಮಾನು. 1 ಬಾರ್ ಒತ್ತಡ ಹಿಡಿಯುವ ಮುಚ್ಚಳವಿದ್ದರೆ ನೀರು 100ರ ಬದಲು ಸುಮಾರು 120 ಡಿಗ್ರಿಗೆ ಕುದಿಯುತ್ತದೆ. ರಬ್ಬರ್ ಬಿರುಕುಬಿಟ್ಟಿದ್ದರೆ ಹೊಸದು ಹಾಕಿಸಿ. ಇಂಜಿನ್ ಬಿಸಿಯಿರುವಾಗ ಮಾತ್ರ ಅದಕ್ಕೆ ಕೈ ಹಾಕಬೇಡಿ.