ಅಜ್ಜನ ಡಿಪೋ, ನಮ್ಮ ಹೆಡ್‌ಸೆಟ್

ಅರವತ್ತಕ್ಕೆ ಅರಳು ಮರಳು ಎಂಬ ಮಾತು ಕೇಳಿಕೊಂಡೇ ಬೆಳೆದವರು ನಾವು. ಅದಕ್ಕೇ ಇರಬೇಕು, ಡಿಮೆನ್ಷಿಯಾ ಇರುವವರಿಗೆ ಏನಾದರೂ ಮಾಡಬೇಕೆಂದಾಗ ಮಗನನ್ನು, ಸೊಸೆಯನ್ನು, ಡಾಕ್ಟರನ್ನು ಕೇಳುತ್ತೇವೆ. ಕಾಯಿಲೆ ಇರುವವರು ಪಕ್ಕದಲ್ಲೇ ಕೂತಿರುತ್ತಾರೆ.

ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂಬುದು 2023ರಲ್ಲಿ ಪ್ರಕಟವಾದ ಅಂದಾಜು.

ಬ್ರಿಟನ್ನಿನ ಅಲ್ಝೈಮರ್ಸ್ ರಿಸರ್ಚ್ ಯುಕೆ ಸಂಸ್ಥೆ 2016ರಲ್ಲಿ ‘ಎ ವಾಕ್ ಥ್ರೂ ಡಿಮೆನ್ಷಿಯಾ’ ಎಂಬ ವರ್ಚುವಲ್ ರಿಯಾಲಿಟಿ ಆ್ಯಪ್ ತಂದಿತು. ಅಂಗಡಿಯಲ್ಲಿ ಸಾಮಾನು ಕೊಳ್ಳುವುದು, ಮನೆಗೆ ನಡೆದು ಬರುವುದು, ಟೀ ಮಾಡುವುದು, ಅದರಲ್ಲಿರುವುದು ಇಷ್ಟೇ. ಅದನ್ನು ರೂಪಿಸುವಾಗ ಡಿಮೆನ್ಷಿಯಾ ಇರುವವರೇ ತಮ್ಮ ಅನುಭವ ಹೇಳಿದ್ದರು. ಈ ಕಾಯಿಲೆ ಹೆಸರು, ದಾರಿ ಮರೆಸುವುದರ ಜೊತೆಗೆ ಕಣ್ಣಿಗೆ ಕಂಡದ್ದನ್ನೂ ಬೇರೆಯಾಗಿಸಬಲ್ಲದು. ನೆಲದ ಮೇಲಿನ ಕಪ್ಪು ಮ್ಯಾಟ್ ಕೆಲವರಿಗೆ ಗುಂಡಿಯಂತೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ನೆರಳನ್ನು ಕಡುಕಪ್ಪಾಗಿಸಿ ಬೀಗುವ ನಮಗೆ ಇದನ್ನು ಹೇಳಬೇಕಾದವರು ಅವರೇ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮ್ಮ ತಂಡ ಇಂಥದ್ದೊಂದನ್ನು ಯೋಚಿಸುತ್ತಿದೆ. ಜಾತ್ರೆ, ತೇರು, ಡೊಳ್ಳು ಎಂದು ಗೆಳೆಯರ ಪಟ್ಟಿ ಬೆಳೆಯಿತು. ನಮ್ಮ ಬೀದಿಯಲ್ಲೊಬ್ಬ ಅಜ್ಜ ಇದ್ದಾರೆ, ನಿವೃತ್ತ ಬಸ್ ಕಂಡಕ್ಟರ್. ಎರಡು ವರ್ಷದಿಂದ ಡಿಮೆನ್ಷಿಯಾ. ಮನೆಯವರಿಗೆ ಹೇಳಿ ಅವರನ್ನೇ ಕೇಳಿದೆ.

‘ಜಾತ್ರೆ ಬ್ಯಾಡ ಕಣಪ್ಪಾ, ಗದ್ದಲ. ಡಿಪೋ ತೋರ್ಸು. ಬೆಳಗ್ಗೆ ಐದು ಗಂಟೆ, ಬಸ್ಸು ಇನ್ನೂ ಹೊರಟಿರಬಾರದು.’ ಸ್ವಲ್ಪ ಹೊತ್ತು ಬಿಟ್ಟು, ‘ಟಿಕೆಟ್ ನಾನೇ ಹರೀಬೇಕು’ ಎಂದರು.

ಈ ಒಂದು ಮಾತಿಗೆ ನಮ್ಮ ಡಿಸೈನ್ ಅರ್ಧ ಬದಲಾಯಿತು. ಟಿಕೆಟ್ ಹರಿಯಬೇಕೆಂದರೆ ಬಟನ್ ಒತ್ತುವ ಕಂಟ್ರೋಲರ್ ಬೇಡ, ಬರಿಗೈ ಚಲನೆಯನ್ನೇ ಗುರುತಿಸುವ ಹ್ಯಾಂಡ್ ಟ್ರ್ಯಾಕಿಂಗ್ ಬೇಕು. ಕ್ವೆಸ್ಟ್ 2 ಹೆಡ್‌ಸೆಟ್ 503 ಗ್ರಾಂ ತೂಗುತ್ತದೆ, ಆ ಕತ್ತಿಗೆ ಐದು ನಿಮಿಷ ಸಾಕು. ಕೂತೇ ನೋಡಬೇಕು, ದೃಶ್ಯ ಓಡಬಾರದು. ಸಂಜೆಯಾದಂತೆ ಹಲವರಿಗೆ ಗೊಂದಲ ಹೆಚ್ಚುವುದರಿಂದ ಬೆಳಿಗ್ಗೆಯೇ ಒಳ್ಳೆಯದು.

ಒಪ್ಪಿಗೆಯದ್ದೇ ಕಷ್ಟ. ನಿನ್ನೆ ಹೂಂ ಅಂದದ್ದು ಇಂದು ನೆನಪಿರದಿರಬಹುದು. ಹಾಗೆಂದು ಮನೆಯವರ ಸಹಿ ಸಾಲದು. ಪ್ರತಿ ಸಲ ಕೇಳಬೇಕು, ಹುಬ್ಬು ಗಂಟಿಕ್ಕಿದರೆ ತೆಗೆದುಬಿಡಬೇಕು. ಪ್ರಾಜೆಕ್ಟ್ ತಡವಾದರೂ ಸರಿ ಎಂಬುದು ನನ್ನ ವಾದ. ತಂಡದಲ್ಲಿ ಎಲ್ಲರೂ ಇನ್ನೂ ಒಪ್ಪಿಲ್ಲ.

ಸದ್ಯಕ್ಕೆ ಬಣ್ಣಬಣ್ಣದ ಹಳೆಯ ಬಸ್ ಟಿಕೆಟ್‌ಗಳನ್ನು ಹುಡುಕುತ್ತಿದ್ದೇವೆ. ಯಾವ ಬಣ್ಣದ್ದಕ್ಕೆ ಎಷ್ಟು ದುಡ್ಡು ಎಂಬುದನ್ನು ಅಜ್ಜ ಹೇಳುತ್ತಾರೆ, ನಾವು ಬರೆದುಕೊಳ್ಳುತ್ತಿದ್ದೇವೆ.