ಬ್ರೆಡ್‌ಬೋರ್ಡ್ ರೇಡಿಯೊದ ದೋಷಪತ್ತೆ

ಬ್ರೆಡ್‌ಬೋರ್ಡ್ ಎಂಬುದು ಬೆಸುಗೆ ಹಾಕದೆ ಎಲೆಕ್ಟ್ರಾನಿಕ್ ಮಂಡಲಗಳನ್ನು ಜೋಡಿಸಿ ಪರೀಕ್ಷಿಸಲು ಬಳಸುವ, ರಂಧ್ರಗಳುಳ್ಳ ಪ್ಲಾಸ್ಟಿಕ್ ಫಲಕ. ಅದರ ಮೇಲೆ ಜೋಡಿಸಿದ ಮಂಡಲವು ಕೆಲಸ ಮಾಡದಿದ್ದಾಗ, ಬಿಡಿಭಾಗಗಳನ್ನು ಊಹೆಯಿಂದ ಬದಲಿಸದೆ, ಒಂದೊಂದು ಹಂತವನ್ನೂ ಅಳೆದು ಕಾರಣವನ್ನು ಗುರುತಿಸುವುದೇ ದೋಷಪತ್ತೆ. ಶಿವಮೊಗ್ಗ ಮತ್ತು ಭದ್ರಾವತಿಯ ವಿದ್ಯಾರ್ಥಿಗಳಿಗೆ ಇದರ ಸೂಕ್ತ ಉದಾಹರಣೆಯೆಂದರೆ, ಮೀಡಿಯಂ ವೇವ್ 675 ಕಿಲೋಹರ್ಟ್ಸ್ ಆವರ್ತನದ ಆಕಾಶವಾಣಿ ಭದ್ರಾವತಿ ಕೇಂದ್ರವನ್ನು ಆಲಿಸಲು ರಚಿಸುವ ಸರಳ ರೇಡಿಯೊ.

ಮಂಡಲದ ರಚನೆ

ತಂತಿಸುರುಳಿ ಮತ್ತು ಬದಲಿಸಬಹುದಾದ ಧಾರಕ (ಕೆಪಾಸಿಟರ್) ಒಟ್ಟಾಗಿ ಕೇಂದ್ರದ ಆವರ್ತನವನ್ನು ಆರಿಸುತ್ತವೆ. ಜರ್ಮೇನಿಯಂ ಡಯೋಡ್ ಧ್ವನಿಸಂಕೇತವನ್ನು ಬೇರ್ಪಡಿಸುತ್ತದೆ. ಎಲ್‌ಎಂ386 ಐಸಿ ಅದನ್ನು ವರ್ಧಿಸಿ ಸ್ಪೀಕರಿಗೆ ಕಳುಹಿಸುತ್ತದೆ. ಸುರುಳಿಯ ಪ್ರೇರಕತೆ 250 ಮೈಕ್ರೋಹೆನ್ರಿ ಇದ್ದರೆ, 675 ಕಿಲೋಹರ್ಟ್ಸ್‌ಗೆ ಸುಮಾರು 222 ಪಿಕೋಫ್ಯಾರಡ್ ಧಾರಕತೆ ಬೇಕಾಗುತ್ತದೆ.

ಪರೀಕ್ಷೆಯ ಕ್ರಮ

1. ಪ್ರಸಾರ: ಅದೇ ವೇಳೆಗೆ ಬೇರೊಂದು ರೇಡಿಯೊದಲ್ಲಿ ಕೇಂದ್ರವು ಕೇಳಿಸುತ್ತಿದೆಯೇ ಎಂದು ಮೊದಲು ನೋಡಬೇಕು. ಪ್ರಸಾರವಿಲ್ಲದ ಹೊತ್ತಿನ ಮೌನವು ಮಂಡಲದ ದೋಷವಲ್ಲ.

2. ವಿದ್ಯುತ್ ಪೂರೈಕೆ: 9 ವೋಲ್ಟ್ ಬ್ಯಾಟರಿ ಜೋಡಿಸಿ, ಐಸಿಯ 6 ಮತ್ತು 4ನೆಯ ಕಾಲುಗಳ ಮೇಲೆಯೇ ವೋಲ್ಟೇಜನ್ನು ಅಳೆಯಬೇಕು. ಕೆಲವು ಬೋರ್ಡುಗಳಲ್ಲಿ ಅಂಚಿನ ವಿದ್ಯುತ್ ಸಾಲುಗಳು ನಡುವೆ ತುಂಡಾಗಿರುತ್ತವೆ. ಅಲ್ಲಿ ಎರಡು ತುಂಡುಗಳನ್ನು ತಂತಿಯಿಂದ ಸೇರಿಸಬೇಕು.

3. ವರ್ಧಕ: 5ನೆಯ ಕಾಲಿನಲ್ಲಿ ಪೂರೈಕೆಯ ಅರ್ಧದಷ್ಟು, ಅಂದರೆ ಸುಮಾರು 4.5 ವೋಲ್ಟ್ ಇರಬೇಕು. 3ನೆಯ ಕಾಲನ್ನು ಬೆರಳಿನಿಂದ ಮುಟ್ಟಿದಾಗ ಸ್ಪೀಕರಿನಲ್ಲಿ ಗುಂಯ್‌ಗುಡುವ ಸದ್ದು ಬಂದರೆ ವರ್ಧಕವು ಸರಿಯಾಗಿದ್ದು, ದೋಷವು ಅದರ ಹಿಂದಿನ ಭಾಗದಲ್ಲಿದೆ ಎಂದರ್ಥ. ಈ ಪರೀಕ್ಷೆಯನ್ನು ಬ್ಯಾಟರಿಯಿಂದ ನಡೆಯುವ ಮಂಡಲದಲ್ಲಿ ಮಾತ್ರ ಮಾಡಬೇಕು.

4. ಡಯೋಡ್: ಜರ್ಮೇನಿಯಂ ಡಯೋಡ್ ಸುಮಾರು 0.2ರಿಂದ 0.3 ವೋಲ್ಟಿಗೆ ವಾಹಕವಾಗುತ್ತದೆ. ಸಿಲಿಕಾನ್ ಡಯೋಡಿಗೆ 0.6ರಿಂದ 0.7 ವೋಲ್ಟ್ ಬೇಕಾದುದರಿಂದ ಕ್ಷೀಣ ಸಂಕೇತವು ಅದನ್ನು ದಾಟಲಾರದು.

5. ಸುರುಳಿ: ತಾಮ್ರದ ತಂತಿಯ ಎನಾಮಲ್ ಲೇಪವನ್ನು ತುದಿಗಳಲ್ಲಿ ಕೆರೆದು ತೆಗೆಯದಿದ್ದರೆ ಸಂಪರ್ಕವೇ ಏರ್ಪಡದು. ಬ್ಯಾಟರಿಯನ್ನು ಕಳಚಿ, ಸುರುಳಿಯನ್ನು ಮಂಡಲದಿಂದ ಬಿಡಿಸಿ ಮಲ್ಟಿಮೀಟರಿನಲ್ಲಿ ಅಳೆದಾಗ ರೋಧವು ಕೆಲವೇ ಓಮ್ ಇರಬೇಕು.

ಸಂಪರ್ಕ ದೋಷಗಳು

ಬೋರ್ಡಿನ ಪ್ರತಿ ಅಡ್ಡಸಾಲಿನ ಐದು ರಂಧ್ರಗಳು ಒಳಗಿನ ಲೋಹದ ಪಟ್ಟಿಯಿಂದ ಕೂಡಿರುತ್ತವೆ. ಆದರೆ ನಡುವಿನ ತೋಡಿನ ಆಚೀಚೆಗೆ ಸಂಪರ್ಕವಿರುವುದಿಲ್ಲ. ಆದ್ದರಿಂದ ಐಸಿಯನ್ನು ತೋಡಿಗೆ ಅಡ್ಡಲಾಗಿ ಕೂರಿಸಬೇಕು. ಒಂದು ಸಾಲು ಆಚೀಚೆಯಾದ ತಂತಿ, ಒಳಹೋಗದೆ ಮಡಚಿದ ಕಾಲು ಮತ್ತು ಸಡಿಲಗೊಂಡ ಪಟ್ಟಿ ಸಾಮಾನ್ಯ ದೋಷಗಳು. ತಂತಿಯನ್ನು ಅಲುಗಿಸಿದಾಗ ಧ್ವನಿ ಬಂದು ಹೋಗುವುದು ಇವುಗಳ ಲಕ್ಷಣ.

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಫಲಿತಾಂಶವನ್ನು ಬರೆದಿಟ್ಟುಕೊಳ್ಳಬೇಕು. ಹಲವನ್ನು ಒಟ್ಟಿಗೆ ಬದಲಿಸಿದಾಗ ರೇಡಿಯೊ ನುಡಿದರೂ ದೋಷವೇನಿತ್ತೆಂಬುದು ತಿಳಿಯದೆ ಉಳಿಯುತ್ತದೆ.